ಡಿಸೈನ್ ಕಲಿಯುವ ಶಾಲಾ ಮಕ್ಕಳಿಗೆ ಮರ ಕಡೆಯುವುದನ್ನು ಕಲಿಸುವುದು: ಲೇತ್ ಮೇಸ್ತ್ರಿಯ ಜೊತೆ ಒಂದು ಟರ್ಮ್‌ನ ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರು, ಹಾಸನದ ಕಡೆ ಮರವನ್ನು ತಿರುಗಿಸಿ ಉಳಿಯಿಂದ ಕಡೆಯುವ ಯಂತ್ರ, ಅಂದರೆ ಲೇತ್, ಹುಡುಕಲು ದೂರ ಹೋಗಬೇಕಿಲ್ಲ. ಮಂಚದ ಕಾಲು, ಮೆಟ್ಟಿಲ ಕಂಬ, ಲಟ್ಟಣಿಗೆ ಮಾಡಿಕೊಡುವ ಫರ್ನಿಚರ್ ಅಂಗಡಿಗಳ ಹಿಂದೆ ಒಂದು ಶೆಡ್, ಅದರೊಳಗೆ ಒಂದು ಲೇತ್ ಸಿಗುತ್ತದೆ. ಅಲ್ಲಿ ನಿಂತು ಕೆಲಸ ಮಾಡುವವರು ಮಾತಾಡುತ್ತಲೇ ನಾಲ್ಕು ಕಾಲನ್ನೂ ಒಂದೇ ಥರ ತೆಗೆದುಬಿಡುತ್ತಾರೆ. ಇಂಥವರನ್ನು ಶಾಲೆಗೆ ಕರೆಸುವುದು ಹೊಸದೇನಲ್ಲ. ಆದರೆ ಸಾಮಾನ್ಯವಾಗಿ ಆಗುವುದೇನು? ಒಂದು ದಿನ ಕರೆಸುತ್ತಾರೆ, ಅವರು ಅರ್ಧ ಗಂಟೆಯಲ್ಲಿ ಒಂದು ಹೂದಾನಿ ಮಾಡಿ ತೋರಿಸುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಶಾಲು ಹೊದಿಸಿ ಫೋಟೋ ತೆಗೆದು ಕಳಿಸುತ್ತಾರೆ. ಮಕ್ಕಳ ಕೈಗೆ ಏನೂ ಬಂದಿರುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಬೇರೆ ದಾರಿ. ಮೇಸ್ತ್ರಿ ಅತಿಥಿಯಲ್ಲ, ಒಂದು ಟರ್ಮ್ ಪೂರ್ತಿ ನಿಮ್ಮ ಜೊತೆ ಪಾಠ ಮಾಡುವವರು. ಉಳಿ ಹಿಡಿಯುವುದು ಅವರಿಗೆ ಗೊತ್ತು. ಏನನ್ನು, ಯಾಕೆ ಮಾಡಬೇಕು ಅನ್ನುವ ಪ್ರಶ್ನೆ ಎತ್ತುವುದು ಡಿಸೈನ್ ಮೇಷ್ಟ್ರ ಕೆಲಸ. ಎಂಟನೇ ತರಗತಿಯಿಂದ ಮೇಲಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲು ಮೇಸ್ತ್ರಿ, ಆಮೇಲೆ ಲೇತ್

ಲೇತ್ ಕೊಂಡು ಆಮೇಲೆ ಕಲಿಸುವವರನ್ನು ಹುಡುಕಲು ಹೋಗಬೇಡಿ. ಯಾವ ಲೇತ್, ಯಾವ ಉಳಿ ಅನ್ನುವುದನ್ನು ಮೇಸ್ತ್ರಿಯೇ ಹೇಳಲಿ.

ನಮ್ಮ ಕಡೆ ಸಿಗುವವರಲ್ಲಿ ಮೂರು ಥರದವರಿದ್ದಾರೆ. ಫರ್ನಿಚರ್ ಕೆಲಸದವರು ಉದ್ದನೆಯ ಕಂಬದ ಕೆಲಸದಲ್ಲಿ ಪಳಗಿದವರು; ಶಾಲೆಗೆ ಹೆಚ್ಚು ಹೊಂದುವುದು ಇವರೇ. ಚನ್ನಪಟ್ಟಣದ ಅರಗಿನ ಆಟಿಕೆ ಕೆಲಸದವರು ಚಿಕ್ಕ ವಸ್ತು ಮತ್ತು ಬಣ್ಣದಲ್ಲಿ ನಿಪುಣರು. ಹಾಸನದಿಂದ ಅಲ್ಲಿಗೆ ನೂರು ಕಿಲೋಮೀಟರಿಗಿಂತ ಹೆಚ್ಚು ದೂರ, ಹಾಗಾಗಿ ಟರ್ಮ್‌ನ ಕೊನೆಗೆ ಎರಡು ದಿನ ಕರೆಸುವುದು ಸರಿ. ಮೂರನೆಯವರು ಐಟಿಐನ ಟರ್ನರ್ ಟ್ರೇಡ್‌ನಿಂದ ನಿವೃತ್ತರಾದವರು. ಅಳತೆ, ಶಿಸ್ತು, ಸುರಕ್ಷತೆ ಇವರಿಗೆ ರಕ್ತಗತ. ಆದರೆ ಅವರದು ಲೋಹದ ಲೇತ್, ಅಲ್ಲಿ ಟೂಲನ್ನು ಬೋಲ್ಟ್ ಹಾಕಿ ಕಟ್ಟಿರುತ್ತಾರೆ. ಮರದ ಲೇತ್‌ನಲ್ಲಿ ಉಳಿ ಕೈಯಲ್ಲೇ ಇರುತ್ತದೆ. ಅದು ಬೇರೆಯದೇ ವಿದ್ಯೆ.

ಅತಿ ವೇಗದ ಕೆಲಸಗಾರನನ್ನೇ ಆರಿಸಬೇಕು ಅಂತಿಲ್ಲ. ಶೆಡ್ಡಿಗೆ ಹೋಗಿ ನಿಂತು, 'ಉಳಿಯನ್ನು ಹಾಗೆ ಯಾಕೆ ತಿರುಗಿಸಿದಿರಿ?' ಅಂತ ಕೇಳಿ. ಕೆಲಸ ನಿಲ್ಲಿಸಿ ತೋರಿಸುವವರು ಸಿಕ್ಕರೆ ಅವರೇ ನಿಮ್ಮ ಮೇಸ್ತ್ರಿ. 'ಅದೆಲ್ಲ ಅಭ್ಯಾಸದಿಂದ ಬರುತ್ತೆ ಬಿಡಿ ಸಾರ್' ಅನ್ನುವವರು ಒಳ್ಳೆ ಕೆಲಸಗಾರರೇ ಇರಬಹುದು, ಮಕ್ಕಳಿಗೆ ಹೊಂದುವುದಿಲ್ಲ.

ದುಡ್ಡಿನ ವಿಷಯ ಮೊದಲ ದಿನವೇ ಮಾತಾಡಿ. ಇವರು ದಿನಗೂಲಿ ಅಥವಾ ಪೀಸ್ ಲೆಕ್ಕದಲ್ಲಿ ದುಡಿಯುವವರು. ಶಾಲೆಗೆ ಬಂದ ದಿನ ಅಂಗಡಿಯ ದುಡಿಮೆ ಹೋಗುತ್ತದೆ. ಆ ದಿನದ ಕೂಲಿ, ಜೊತೆಗೆ ಬಸ್ ಚಾರ್ಜು, ಮೇಲೆ ಸ್ವಲ್ಪ ಕಲಿಸಿದ್ದಕ್ಕೆ ಕೊಡಬೇಕು. ತಯಾರಿಗೆ ಕೂತ ದಿನಕ್ಕೂ ಕೊಡಬೇಕು. 'ಮಕ್ಕಳ ಸೇವೆ' ಅಂತ ಹೇಳಿ ಪುಕ್ಕಟೆ ಕರೆಸಿದರೆ ಮೂರನೇ ವಾರಕ್ಕೆ ಅವರು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಮದುವೆ ಸೀಸನ್ನಿನಲ್ಲಿ ಮಂಚದ ಆರ್ಡರ್ ಜಾಸ್ತಿ ಇರುತ್ತದೆ, ದಿನ ನಿಗದಿ ಮಾಡುವಾಗ ಅದನ್ನೂ ಕೇಳಿಕೊಳ್ಳಿ.

ಹೆಡ್‌ಮಾಸ್ಟರ್ ಒಪ್ಪಿಸುವುದು ಕಷ್ಟವಾದರೆ ಒಂದು ಆಧಾರವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯ ಮಕ್ಕಳು 10 ದಿನ ಬ್ಯಾಗ್ ಇಲ್ಲದೆ ಬಡಗಿ, ಕುಂಬಾರ, ತೋಟಗಾರರಂಥ ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕು ಅನ್ನುವ ಮಾತಿದೆ. ಬ್ರಿಟನ್, ಅಮೆರಿಕದಲ್ಲಿ 1980ರ ದಶಕದಲ್ಲಿ ಹುಟ್ಟಿದ ಮರ ಕಡೆಯುವವರ ಸಂಘಗಳು ಎಳೆಯರಿಗೆ ಕಲಿಸುವುದನ್ನು ತಮ್ಮ ಕೆಲಸವಾಗಿಯೇ ಇಟ್ಟುಕೊಂಡಿವೆ. ನಮ್ಮ ಊರಲ್ಲಿ ಅಂಥ ಸಂಘವಿಲ್ಲ, ಆ ಕೆಲಸವನ್ನು ಶಾಲೆಯೇ ಮಾಡಬೇಕು.

ಮಕ್ಕಳಿಲ್ಲದ ಎರಡು ಬೈಠಕ್

ಪಾಠ ಶುರುವಾಗುವ ಮುಂಚೆ ಮೇಸ್ತ್ರಿಯ ಶೆಡ್ಡಿನಲ್ಲೇ ಎರಡು ಸಲ ಕೂತುಕೊಳ್ಳಿ. ಈ ಎರಡು ದಿನ ಉಳಿಸಲು ಹೋದರೆ ಮುಂದೆ ಇಡೀ ಟರ್ಮ್ ಒದ್ದಾಡಬೇಕಾಗುತ್ತದೆ.

ಮೊದಲ ಬೈಠಕ್ಕಿನಲ್ಲಿ ನೀವೇ ವಿದ್ಯಾರ್ಥಿ. ಉಳಿ ಹಿಡಿದು ಕಲಿಯಿರಿ. ಅವರ ಕೈಗೆ ಗೊತ್ತಿದ್ದು ಬಾಯಿಗೆ ಬಂದಿರುವುದಿಲ್ಲ, ಅದನ್ನು ಮಾತಿಗೆ ಇಳಿಸುವುದು ನಿಮ್ಮ ಕೆಲಸ. ಉದಾಹರಣೆಗೆ, ಒಳ್ಳೆ ಕಡೆತದ ಗುಟ್ಟೆಲ್ಲ ಮೂರು ಮಾತಿನಲ್ಲಿದೆ. ಒಂದು, ಉಳಿ ಮೊದಲು ಟೂಲ್ ರೆಸ್ಟ್ (ಮರದ ಮುಂದೆ ಉಳಿಗೆ ಆಸರೆಯಾಗಿರುವ ಪಟ್ಟಿ) ಮೇಲೆ ಕೂರಬೇಕು, ಮರಕ್ಕೆ ತಾಗುವುದು ಆಮೇಲೆ. ಎರಡು, ಮರಕ್ಕೆ ಮೊದಲು ತಾಗಬೇಕಾದ್ದು ಉಳಿಯ ಬಾಯಿಯಲ್ಲ, ಬಾಯಿಯ ಹಿಂದಿನ ಸಾಣೆ ಹಿಡಿದ ಓರೆ. ಅದು ಸುಮ್ಮನೆ ಉಜ್ಜುತ್ತಿರುತ್ತದೆ, ಏನೂ ಕಡಿಯುವುದಿಲ್ಲ. ಮೂರು, ಈಗ ಹಿಡಿಯನ್ನು ನಿಧಾನ ಮೇಲೆತ್ತಿ. ಬಾಯಿ ಮರಕ್ಕೆ ಇಳಿಯುತ್ತದೆ, ಸೌತೆಕಾಯಿ ಸಿಪ್ಪೆಯ ಹಾಗೆ ಸುರುಳಿ ಸುರುಳಿಯಾಗಿ ಏಳುತ್ತದೆ. ರೆಸ್ಟ್, ಓರೆ, ಬಾಯಿ. ಮಕ್ಕಳು ಈ ಮೂರನ್ನು ಬಾಯಲ್ಲಿ ಹೇಳುತ್ತಾ ಮಾಡಲಿ.

ಎರಡನೇ ಬೈಠಕ್ ಕರಾರುಗಳಿಗೆ. ಮಕ್ಕಳ ಕೈಯಿಂದ ಉಳಿ ಕಿತ್ತುಕೊಂಡು 'ಹೀಗೆ ಮಾಡೋ' ಅಂತ ತಾವೇ ಮುಗಿಸಿಬಿಡುವುದು ಎಲ್ಲ ಒಳ್ಳೆ ಕೆಲಸಗಾರರ ಚಟ. ಮಗು ಕಡೆಯುವಾಗ ಮೇಸ್ತ್ರಿಯ ಕೈ ಬೆನ್ನ ಹಿಂದೆ ಇರಬೇಕು ಅಂತ ಮಾತಾಡಿಕೊಳ್ಳಿ. ಅಪಾಯ ಕಂಡರೆ ಸ್ಟಾಪ್ ಬಟನ್ ಒತ್ತುವುದಕ್ಕೆ ಮಾತ್ರ ಮುಂದೆ ಬರಲಿ. ಕನ್ನಡಕವಿಲ್ಲದೆ, ಬರಿಗಾಲಲ್ಲಿ, ಪಂಚೆಯಲ್ಲಿ ಅವರು ಎಷ್ಟೋ ವರ್ಷ ಕೆಲಸ ಮಾಡಿರಬಹುದು. ಶಾಲೆಯಲ್ಲಿ ಅವರೂ ಮುಖದ ಶೀಲ್ಡ್ ಹಾಕಲೇಬೇಕು. ಮಕ್ಕಳು ಕೇಳಿದ್ದನ್ನಲ್ಲ, ನೋಡಿದ್ದನ್ನು ಮಾಡುತ್ತಾರೆ. ಇನ್ನೊಂದು ಮಾತು: ಹೊರಗಿನವರು ಯಾರೇ ಆಗಲಿ, ಮಕ್ಕಳ ಜೊತೆ ಒಂಟಿಯಾಗಿ ಬಿಡುವಂತಿಲ್ಲ. ಶಾಲೆಯ ಟೀಚರ್ ಒಬ್ಬರು ಸದಾ ಕೋಣೆಯಲ್ಲಿರಬೇಕು. ಇದನ್ನು ಮೊದಲೇ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕೋಣೆ, ಯಂತ್ರ, ಮತ್ತು ಕರೆಂಟು

ಶುರುವಿಗೆ ಬೆಂಚಿನ ಮೇಲೆ ಕೂರುವ ಎರಡು ಚಿಕ್ಕ ಲೇತ್ ಸಾಕು, ಅರ್ಧದಿಂದ ಒಂದು ಎಚ್‌ಪಿ, ವೇಗ ಬದಲಿಸಲು ಬರುವಂಥದ್ದು. ಒಂದು ಲೇತ್‌ಗೆ ಇಬ್ಬರು ಮಕ್ಕಳು: ಒಬ್ಬರು ಕಡೆಯುವವರು, ಇನ್ನೊಬ್ಬರು ಸ್ಟಾಪ್ ಬಟನ್ ಕಾಯುವವರು. ಉಳಿದವರು ಅದೇ ಕೋಣೆಯ ಇನ್ನೊಂದು ತುದಿಯಲ್ಲಿ ಚಿತ್ರ ಬರೆಯುತ್ತಿರಲಿ. ಲೇತ್ ಸುತ್ತ ನೆಲಕ್ಕೆ ಹಳದಿ ಗೆರೆ ಎಳೆಯಿರಿ. ಮರ ಬಿಟ್ಟು ಹಾರಿದರೆ ತಿರುಗುತ್ತಿದ್ದ ನೇರಕ್ಕೇ ಹಾರುತ್ತದೆ, ಆ ನೇರದಲ್ಲಿ ಯಾರೂ ನಿಲ್ಲಬಾರದು.

ಮಲೆನಾಡಿನವರು ಗಮನ ಕೊಡಲೇಬೇಕಾದ್ದು ಕರೆಂಟಿನ ವಿಷಯ. ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ. ಮಗು ಉಳಿ ಕೆಳಗಿಟ್ಟು, ನಿಂತ ಮರವನ್ನು ಮುಟ್ಟಿ ನೋಡುತ್ತದೆ. ಸ್ವಿಚ್ ಆನ್‌ನಲ್ಲೇ ಇರುತ್ತದೆ. ಅಷ್ಟರಲ್ಲಿ ಕರೆಂಟು ಬಂದರೆ? ಹಾಗಾಗಿ ಬರೀ ಗೋಡೆ ಸ್ವಿಚ್ಚಿನ ಲೇತ್ ಶಾಲೆಗೆ ಬೇಡವೇ ಬೇಡ. ಕರೆಂಟು ಹೋದೊಡನೆ ಬಿಟ್ಟುಕೊಳ್ಳುವ, ಮತ್ತೆ ಹಸಿರು ಬಟನ್ ಒತ್ತಿದರೆ ಮಾತ್ರ ಶುರುವಾಗುವ ಸ್ವಿಚ್ ಹಾಕಿಸಿ. ತೋಟದ ಮೋಟರಿಗೆ ಹಾಕುವ ಡಿಒಎಲ್ ಸ್ಟಾರ್ಟರ್ ಮಾಡುವುದೂ ಇದನ್ನೇ. ಆದರೆ ಕರೆಂಟು ಬಂದ ತಕ್ಷಣ ಪಂಪ್ ತಾನಾಗಿ ಶುರುವಾಗಲಿ ಅಂತ ರೈತರು ಹಾಕಿಸುವ ಆಟೋ ಸ್ವಿಚ್ ಇದೆಯಲ್ಲ, ಅದನ್ನು ಎಲೆಕ್ಟ್ರಿಷಿಯನ್ ಅಭ್ಯಾಸಬಲದಿಂದ ಇಲ್ಲೂ ಜೋಡಿಸಿ ಹೋಗದ ಹಾಗೆ ನೋಡಿಕೊಳ್ಳಿ. ದೊಡ್ಡ ಕೆಂಪು ಸ್ಟಾಪ್ ಬಟನ್ ಇರಲಿ, ಬೆಲ್ಟು ಪುಲ್ಲಿಗೆ ಕವರ್ ಇರಲಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಮಕ್ಕಳ ನಿಯಮ ಕಡಿಮೆ ಇರಲಿ, ಆದರೆ ವಿನಾಯಿತಿ ಇರಬಾರದು. ಮುಖ ಪೂರ್ತಿ ಮುಚ್ಚುವ ಶೀಲ್ಡ್. ಕೂದಲು ಹಿಂದಕ್ಕೆ ಕಟ್ಟಿ ಒಳಗೆ ಸೇರಿಸಿರಬೇಕು. ದುಪಟ್ಟಾ, ಟೈ, ಐಡಿ ಕಾರ್ಡಿನ ದಾರ, ಬಳೆ, ಕೈದಾರ ಯಾವುದೂ ಇಲ್ಲ. ಕೈಗವಸು ಹಾಕುವಂತಿಲ್ಲ, ಎಷ್ಟೋ ಪೋಷಕರು ಸುರಕ್ಷತೆಗೆ ಅಂತ ಕೊಟ್ಟು ಕಳಿಸುತ್ತಾರೆ, ಆದರೆ ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಂಡು ಹೋಗುತ್ತದೆ. ಶುರು ಮಾಡುವ ಮುಂಚೆ ಮರವನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗುವುದಿಲ್ಲ ಅಂತ ನೋಡಬೇಕು. ಟೂಲ್ ರೆಸ್ಟ್ ಸರಿಸುವುದು ಲೇತ್ ನಿಂತ ಮೇಲೆಯೇ. ರೆಸ್ಟಿಗೂ ಮರಕ್ಕೂ ನಡುವೆ 3ರಿಂದ 6 ಮಿಲಿಮೀಟರ್ ಸಂದು ಇದ್ದರೆ ಸಾಕು.

ಧೂಳಿನ ವಿಷಯದಲ್ಲಿ ಉದಾಸೀನ ಬೇಡ. ಮರದ ಧೂಳು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೇ ಇದೆ. ಉಳಿಯಿಂದ ಏಳುವ ಸುರುಳಿ ಅಷ್ಟು ತೊಂದರೆ ಮಾಡುವುದಿಲ್ಲ. ಉಪ್ಪುಕಾಗದ ಹಿಡಿದಾಗ ಏಳುವ ನುಣ್ಣನೆ ಪುಡಿ ಮಾಡುತ್ತದೆ. ಆಗ ಎನ್95 ಮಾಸ್ಕ್ ಕಡ್ಡಾಯ, ಕಿಟಕಿ ತೆರೆದಿರಬೇಕು.

ಉಳಿಗಳು

ಶುರುವಿಗೆ ಮೂರು ಸಾಕು: ಚೌಕ ಮರವನ್ನು ದುಂಡಗೆ ಮಾಡುವ ರಫಿಂಗ್ ಗೌಜ್, ತಗ್ಗು ತೆಗೆಯುವ ಸ್ಪಿಂಡಲ್ ಗೌಜ್, ಅಳತೆಗೆ ಕೊರೆಯುವ ಪಾರ್ಟಿಂಗ್ ಟೂಲ್. ಬಾಯಿ ಓರೆಯಾಗಿರುವ ಚಪ್ಪಟೆ ಸ್ಕ್ಯೂ ಉಳಿ ಮೇಸ್ತ್ರಿಯ ಕೈಯಲ್ಲಿ ನೋಡಲು ಸೊಗಸು, ಮಕ್ಕಳ ಕೈಯಲ್ಲಿ ಮರಕ್ಕೆ ಕಚ್ಚಿಕೊಳ್ಳುವುದು ಜಾಸ್ತಿ. ಟರ್ಮ್‌ನ ಕೊನೆಗೆ ಕೊಟ್ಟರಾಯಿತು.

ಮೇಸ್ತ್ರಿಗಳು ತಮ್ಮ ಉಳಿಯನ್ನು ತಾವೇ ಮಾಡಿಕೊಂಡಿರುವುದುಂಟು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ್ದಾದರೆ ಪರವಾಗಿಲ್ಲ, ಆ ಉಕ್ಕು ಬಗ್ಗಿದರೂ ಮುರಿಯುವುದಿಲ್ಲ. ಹಳೆ ಅರವನ್ನು ಹಾಗೇ ಸಾಣೆ ಹಿಡಿದು ಮಾಡಿದ್ದನ್ನು ಮಾತ್ರ ಮಕ್ಕಳಿಗೆ ಕೊಡಬೇಡಿ. ಅರದ ಉಕ್ಕು ಗಾಜಿನ ಥರ, ಪಟ್ ಅಂತ ಮುರಿದು ಸಿಡಿಯುತ್ತದೆ. ಸಾಣೆ ಹಿಡಿಯುವುದನ್ನು ಮೊದಲ ತಿಂಗಳು ಮೇಸ್ತ್ರಿಯೇ ಮಾಡಲಿ. ಮೊಂಡು ಉಳಿ ಕೊಟ್ಟರೆ ಮಗು ಒತ್ತುತ್ತದೆ, ಒತ್ತಿದರೆ ಕಚ್ಚಿಕೊಳ್ಳುತ್ತದೆ, ಕಚ್ಚಿಕೊಂಡರೆ ಹೆದರುತ್ತದೆ.

ಮರ

ಕಾಫಿ ನಾಡಿನಲ್ಲಿ ಮರಕ್ಕೆ ಬರವಿಲ್ಲ. ಹಳೆ ತೋಟ ಕಿತ್ತು ಹೊಸ ಗಿಡ ಹಾಕುವಾಗ ಕಾಫಿ ಬುಡಗಳು ರಾಶಿ ಬೀಳುತ್ತವೆ, ಹೆಚ್ಚಿನವು ಒಲೆಗೆ ಹೋಗುತ್ತವೆ. ಕಾಫಿ ಮರ ಗಟ್ಟಿ, ನುಣ್ಣನೆ, ತಿಳಿ ಬಣ್ಣ. ಹಿಡಿ, ಡ್ರಾಯರಿನ ಗುಬ್ಬಿ, ಬುಗುರಿಗೆ ಬಹಳ ಚೆನ್ನ. ಕೇಳಿದರೆ ಪ್ಲಾಂಟರುಗಳು ಸಂತೋಷದಿಂದ ಕೊಡುತ್ತಾರೆ.

ಒಂದು ಎಚ್ಚರಿಕೆ. ಅರೇಬಿಕಾ ಗಿಡ ಕೀಳುವುದಕ್ಕೆ ಎಷ್ಟೋ ಸಲ ಕಾರಣ ಬಿಳಿ ಕಾಂಡಕೊರಕ. ಆ ಹುಳ ಕಾಂಡದೊಳಗೆ ಸುರಂಗ ಕೊರೆದು ಪುಡಿ ತುಂಬಿಟ್ಟಿರುತ್ತದೆ. ಅಂಥ ಮರ ಲೇತ್ ಮೇಲೆ ಸಿಡಿಯಬಹುದು. ಅದಕ್ಕಿಂತ ಹೆಚ್ಚಾಗಿ, ಹುಳ ಬಿದ್ದ ಗಿಡವನ್ನು ಕಿತ್ತ ಕೂಡಲೇ ಸುಡಬೇಕು ಅನ್ನುವುದು ಬೆಳೆಗಾರರಿಗೆ ಗೊತ್ತಿರುವ ನಿಯಮ. ಶಾಲೆಗೆ ತಂದು ಒಣಗಲು ಇಟ್ಟರೆ ದುಂಬಿ ಹೊರಬಂದು ಪಕ್ಕದ ತೋಟಕ್ಕೆ ಹಾರುತ್ತದೆ. ಹಾಗಾಗಿ ರೋಬಸ್ಟಾ ಬುಡ ಕೇಳಿ, ಅದಕ್ಕೆ ಈ ಹುಳದ ಕಾಟ ಕಡಿಮೆ. ತಂದ ದಿನವೇ ತೊಗಟೆ ಸುಲಿದು, ಕೊಯ್ದು, ತೂತಿದೆಯೇ ನೋಡಿ.

ಸಿಲ್ವರ್ ಓಕ್ ಎಲ್ಲೆಡೆ ಸಿಗುತ್ತದೆ, ಕಡೆಯಲು ಮೃದು. ಕೆಲವರಿಗೆ ಅದರ ಧೂಳಿನಿಂದ ಚರ್ಮ ತುರಿಸಿ ಗುಳ್ಳೆ ಏಳುತ್ತದೆ, ನೋಡಿಕೊಂಡು ಬಳಸಿ. ಹಲಸು, ಸೀಬೆ, ಮಾವು ಒಳ್ಳೆಯವು. ಬೀಟೆ ತುಂಡು ಸಿಕ್ಕಿತು ಅಂತ ಯಾರಾದರೂ ತಂದರೆ ಅರಣ್ಯ ಕಾನೂನಿನ ಕಾಗದ ಇಲ್ಲದೆ ಮುಟ್ಟಬೇಡಿ, ಅದರ ಧೂಳೂ ಮಕ್ಕಳಿಗೆ ಒಳ್ಳೆಯದಲ್ಲ. ಕಣಗಿಲೆ ವಿಷ, ಬೇಡ. ಪ್ಯಾಕಿಂಗ್ ಪ್ಯಾಲೆಟ್ಟಿನ ಹಲಗೆಯಾದರೆ ಅದರ ಮೇಲಿನ ಮುದ್ರೆ ನೋಡಿ: ಎಚ್‌ಟಿ ಅಂದರೆ ಬಿಸಿ ಮಾಡಿ ಹುಳ ತೆಗೆದದ್ದು, ಎಂಬಿ ಅಂದರೆ ವಿಷಾನಿಲ ಹಾಯಿಸಿದ್ದು. ಎರಡನೆಯದನ್ನು ತರಲೇಬೇಡಿ.

ಹಸಿ ಮರ ಕಡೆಯಲು ಹಗುರ, ಧೂಳೂ ಏಳುವುದಿಲ್ಲ, ಆದರೆ ಒಣಗುವಾಗ ಬಿರಿಯುತ್ತದೆ. ಅಭ್ಯಾಸಕ್ಕೆ ಹಸಿ, ಕೊನೆಯ ಪ್ರಾಜೆಕ್ಟಿಗೆ ಒಣಗಿದ್ದು. ತುಂಡಿನ ಎರಡೂ ತುದಿಗೆ ಮೇಣ ಅಥವಾ ಹಳೆ ಪೇಂಟು ಬಳಿದು ನೆರಳಲ್ಲಿಡಿ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆ ಲೆಕ್ಕ. ಮಲೆನಾಡಿನ ಮಳೆ ನೋಡಿದವರು ಅದಕ್ಕೂ ಸ್ವಲ್ಪ ಸೇರಿಸುತ್ತಾರೆ.

ಬೇಲೂರಿನಲ್ಲಿ ಒಂದು ಬೆಳಗ್ಗೆ

ಲೇತ್ ಮುಟ್ಟುವ ಮುಂಚೆ ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋಗಿ. ಚಿಕ್ಕಮಗಳೂರಿನಿಂದ ಮುಕ್ಕಾಲು ಗಂಟೆಯ ದಾರಿ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನದ ಒಳಗಿನ ಕಂಬಗಳನ್ನು ನೋಡಿದರೆ ಕಡೆತ ಅಂದರೇನು ಅಂತ ಯಾರೂ ವಿವರಿಸಬೇಕಾಗಿಲ್ಲ. ಮೃದುವಾದ ಬಳಪದ ಕಲ್ಲನ್ನು ತಿರುಗಿಸಿ ಕಡೆದ ಕಂಬಗಳು ಎನ್ನುತ್ತಾರೆ. ಉಬ್ಬು, ತಗ್ಗು, ಚೂಪು ಅಂಚು, ಗಂಟೆಯಾಕಾರ, ಮತ್ತೆ ತಟ್ಟೆಯಾಕಾರ. ಗೈಡುಗಳು ನರಸಿಂಹ ಕಂಬ ಒಂದು ಕಾಲದಲ್ಲಿ ತಿರುಗುತ್ತಿತ್ತು ಅಂತ ಹೇಳುವ ಕತೆ ಮಕ್ಕಳಿಗೆ ಬಹಳ ಹಿಡಿಸುತ್ತದೆ, ಹೇಳಲಿ ಬಿಡಿ.

ಪ್ರವಾಸಕ್ಕೆ ಅಂತ ಹೋಗಬೇಡಿ, ಕೆಲಸ ಇಟ್ಟುಕೊಂಡು ಹೋಗಿ. ಮದನಿಕೆಯರನ್ನು ಆಮೇಲೆ ನೋಡಿದರಾಯಿತು. ಒಬ್ಬೊಬ್ಬರೂ ಒಂದು ಕಂಬದ ಒಂದು ಬದಿಯ ಗೆರೆಯನ್ನಷ್ಟೇ ಬರೆಯಬೇಕು. ಕಂಬ ಪೂರ್ತಿ ಅಲ್ಲ, ನೆರಳೂ ಬೇಡ, ಬರೀ ಹೊರಗೆರೆ. ಮುಟ್ಟದೆ, ಪೆನ್ಸಿಲ್ ಚಾಚಿ ಕಣ್ಣಳತೆಯಲ್ಲಿ. ದಪ್ಪ ಭಾಗ ಎಷ್ಟು ಉದ್ದ, ಅದರ ಪಕ್ಕದ ಸಣ್ಣ ಪಟ್ಟಿ ಎಷ್ಟು? ಎರಡೂ ಸಮ ಇದ್ದರೆ ಕಣ್ಣಿಗೆ ಯಾಕೆ ಸಪ್ಪೆ ಅನಿಸುತ್ತದೆ? ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಿ. ತಾವು ಮಂಚದ ಕಾಲಿಗೆ ಹಾಕುವ ಗುಂಡು ಮತ್ತು ಪಟ್ಟಿ ಅಲ್ಲಿ ಕಲ್ಲಿನಲ್ಲಿ ಕಂಡಾಗ ಅವರೇ ಮಾತಾಡಲು ಶುರು ಮಾಡುತ್ತಾರೆ. ಯಾವ ತಗ್ಗಿಗೆ ಯಾವ ಉಳಿ ಬೇಕು ಅಂತ ಕಂಬದ ಮುಂದೆ ನಿಂತೇ ಹೇಳುತ್ತಾರೆ. ಈ ಟರ್ಮ್‌ನ ಅತಿ ಒಳ್ಳೆ ಪಾಠ ಇದೇ ಅಂತ ನನ್ನ ಅಭಿಪ್ರಾಯ.

ಶಾಲೆಗೆ ಬಂದು ಆ ಗೆರೆಯನ್ನು 40 ಮಿಲಿಮೀಟರ್ ದಪ್ಪದ ಕೋಲಿಗೆ ಇಳಿಸಬೇಕು. ರಟ್ಟಿನಲ್ಲಿ ಅರ್ಧ ಆಕಾರ ಕತ್ತರಿಸಿದರೆ ಅದೇ ಟೆಂಪ್ಲೇಟು. ಒಂದು ಪಟ್ಟಿಯ ಮೇಲೆ ಎಲ್ಲೆಲ್ಲಿ ಉಬ್ಬು, ಎಲ್ಲೆಲ್ಲಿ ತಗ್ಗು, ಅಲ್ಲಿ ವ್ಯಾಸ ಎಷ್ಟು ಅಂತ ಗುರುತು ಹಾಕಿಕೊಂಡರೆ ಅದು ಅಳತೆಕೋಲು. ಮೇಸ್ತ್ರಿಗೆ ಇದು ಬೇಡ, ಮಕ್ಕಳಿಗೆ ಬೇಕೇ ಬೇಕು.

ಮೊದಲ ತರಗತಿಗಳು

ಮೊದಲ ದಿನ ಕರೆಂಟು ಹಾಕಬೇಡಿ. ಮರ ಕಟ್ಟಿ, ಒಬ್ಬರು ಕೈಯಲ್ಲಿ ತಿರುಗಿಸಲಿ, ಇನ್ನೊಬ್ಬರು ಉಳಿ ಹಿಡಿಯಲಿ. ರೆಸ್ಟ್, ಓರೆ, ಬಾಯಿ. ನಿಧಾನವಾಗಿ ತಿರುಗುವಾಗ ಸುರುಳಿ ಏಳುವುದು ಕಣ್ಣಿಗೆ ಕಾಣುತ್ತದೆ, ಕೈಗೂ ತಿಳಿಯುತ್ತದೆ. ವೇಗದಲ್ಲಿ ತಿರುಗುವಾಗ ಇದ್ಯಾವುದೂ ಕಾಣುವುದಿಲ್ಲ.

ಮರ ಕಟ್ಟುವ ಕ್ರಮ ಹೀಗೆ. ಚೌಕ ತುಂಡಿನ ಎರಡೂ ತುದಿಗೆ ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ನಡು ಸಿಗುತ್ತದೆ. ಮರವನ್ನು ಕಚ್ಚಿ ಹಿಡಿದು ತಿರುಗಿಸುವ ಹಲ್ಲಿನ ಸೆಂಟರನ್ನು ಲೇತ್‌ನಿಂದ ಬಿಚ್ಚಿ, ಮರದ ಸುತ್ತಿಗೆಯಲ್ಲಿ ತುಂಡಿಗೆ ಹೊಡೆದು ಕೂರಿಸಿ, ಆಮೇಲೆ ಲೇತ್‌ಗೆ ಹಾಕಿ. ಲೇತ್ ಮೇಲಿಟ್ಟು ಹೊಡೆದರೆ ಬೇರಿಂಗ್ ಹಾಳು. ಊರಿನ ಹಳೆ ಲೇತ್ ಆದರೆ ಇನ್ನೊಂದು ಕಡೆಯ ಸೆಂಟರ್ ತಿರುಗುವುದಿಲ್ಲ, ಮರ ಅದರ ಮೇಲೆ ಉಜ್ಜುತ್ತದೆ. ಅಲ್ಲಿಗೆ ಮೇಣ ಅಥವಾ ಗ್ರೀಸ್ ಹಚ್ಚಿ, ಆಗಾಗ ನಿಲ್ಲಿಸಿ ಬಿಗಿ ನೋಡಬೇಕು.

ವೇಗ: 40-50 ಮಿಲಿಮೀಟರ್ ತುಂಡನ್ನು ದುಂಡಗೆ ಮಾಡುವಾಗ ನಿಮಿಷಕ್ಕೆ 800-1000 ಸುತ್ತು. ದುಂಡಗಾದ ಮೇಲೆ 1500ರವರೆಗೆ ಏರಿಸಬಹುದು. ಪಳಗಿದವರು ಇದರ ಎರಡರಷ್ಟು ವೇಗದಲ್ಲಿ ಮಾಡುತ್ತಾರೆ, ಮಕ್ಕಳಿಗೆ ಅದರ ಅವಸರವಿಲ್ಲ. ಒಂದು ತುದಿಯ ಹತ್ತಿರದಿಂದ ಶುರು ಮಾಡಿ ಹೊರಕ್ಕೆ ಕಡೆಯುತ್ತಾ, ಪ್ರತಿ ಸಲ ಸ್ವಲ್ಪ ಒಳಗಿನಿಂದ ಹೊರಡಬೇಕು. ಹೊರಗಿನಿಂದ ಒಳಕ್ಕೆ ನುಗ್ಗಿಸಿದರೆ ಸೀಳುತ್ತದೆ.

ದುಂಡಗಾದ ಕೋಲಿನ ಮೇಲೆ ಉಬ್ಬು, ತಗ್ಗು, ಉಬ್ಬು, ತಗ್ಗು. ಇದಕ್ಕೆ ಒಂದೇ ಸೂತ್ರ: ಯಾವಾಗಲೂ ದಪ್ಪದಿಂದ ಸಣ್ಣಕ್ಕೆ, ಇಳಿಜಾರಿನಲ್ಲೇ ಕಡೆಯಬೇಕು. ತಗ್ಗಿನ ತಳ ಮುಟ್ಟಿದ ಮೇಲೆ ಆಚೆ ದಡ ಏರುವ ಹಾಗಿಲ್ಲ. ನಿಲ್ಲಿಸಿ, ಇನ್ನೊಂದು ಕಡೆಯಿಂದ ಇಳಿಯಬೇಕು.

ಇಲ್ಲಿ ಮೇಸ್ತ್ರಿಯ ಕಿವಿ ಕೆಲಸಕ್ಕೆ ಬರುತ್ತದೆ. ಸರಿಯಾಗಿ ಕಡೆಯುವಾಗ ಸರ್ ಅನ್ನುವ ಒಂದೇ ಸದ್ದು. ಟಕಟಕ ಅಂದರೆ ಉಳಿ ಮರಕ್ಕೆ ಬಡಿಯುತ್ತಿದೆ. ಕೀಚಲು ಬಂದರೆ ಉಳಿ ಮೊಂಡಾಗಿದೆ ಅಥವಾ ಮರ ಸಡಿಲವಾಗಿದೆ. ಕೋಣೆಯ ಆ ತುದಿಯಲ್ಲಿ ನಿಂತೇ ಮೇಸ್ತ್ರಿ 'ನಿಲ್ಸು' ಅನ್ನುತ್ತಾರೆ. ಮಕ್ಕಳು ಕಣ್ಣು ಮುಚ್ಚಿ ನಿಂತು ಸದ್ದು ಗುರುತಿಸುವ ಆಟ ಆಡಿಸಿ. ಉಳಿ ಕಚ್ಚಿಕೊಂಡರೆ ಏನಾಗುತ್ತದೆ ಅನ್ನುವುದನ್ನು ಒಂದು ಸಲ ಮೇಸ್ತ್ರಿಯೇ ಬೇಕಂತಲೇ, ಕಡಿಮೆ ವೇಗದಲ್ಲಿ, ಗುಜರಿ ತುಂಡಿನ ಮೇಲೆ ತೋರಿಸಲಿ. ಒಮ್ಮೆ ನೋಡಿದರೆ ಹೆದರಿಕೆ ಹೋಗಿ ಜಾಗ್ರತೆ ಬರುತ್ತದೆ.

ಬುಗುರಿ, ಆಮೇಲೆ ಅವರದೇ ಡಿಸೈನ್

ಮೊದಲ ಪೂರ್ತಿ ವಸ್ತು ಬುಗುರಿ. ಚಾಟಿ ಸುತ್ತಿ ಬಿಡುವ, ಕೆಳಗೆ ಮೊಳೆ ಇರುವ ನಮ್ಮ ಬುಗುರಿ. ಡಿಸೈನ್ ಪಾಠಕ್ಕೆ ಇಷ್ಟು ಚೆನ್ನಾಗಿ ಹೊಂದುವ ವಸ್ತು ಇನ್ನೊಂದಿಲ್ಲ. ಚೆನ್ನಾಗಿದೆಯೋ ಇಲ್ಲವೋ ಅಂತ ಟೀಚರ್ ಹೇಳಬೇಕಾಗಿಯೇ ಇಲ್ಲ, ಸ್ಟಾಪ್‌ವಾಚ್ ಹೇಳುತ್ತದೆ. ಒಂದೇ ತೂಕದ ಮೂರು ಆಕಾರ ಮಾಡಿಸಿ: ಉದ್ದನೆಯದು, ಕುಳ್ಳನೆ ಅಗಲದ್ದು, ಮೇಲ್ಭಾಗ ಭಾರವಿರುವುದು. ತೂಕ ನಡುವಿನಿಂದ ದೂರವಿದ್ದಷ್ಟೂ ಹೆಚ್ಚು ಹೊತ್ತು ತಿರುಗುತ್ತದೆ, ಭಾರ ಕೆಳಗಿದ್ದಷ್ಟೂ ಕಡಿಮೆ ತೂಗಾಡುತ್ತದೆ. ಚಾಟಿ ಜಾರದ ಹಾಗೆ ಗೀರು ಎಲ್ಲಿ ಹಾಕಬೇಕು? ಮೊಳೆ ಎಷ್ಟು ಹೊರಗಿರಬೇಕು? ಮೊಳೆ ನಡುವಿಗೆ ಬರಬೇಕಾದರೆ ತೂತು ಲೇತ್ ಮೇಲೇ ಕೊರೆಯಬೇಕು ಅನ್ನುವುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ಆಮೇಲೆ ಸ್ವಂತ ಪ್ರಾಜೆಕ್ಟು. 'ಏನಾದರೂ ಮಾಡಿ' ಅಂದರೆ ಎಲ್ಲರೂ ಹೂದಾನಿ ಮಾಡುತ್ತಾರೆ. ಒಬ್ಬ ನಿಜವಾದ ಮನುಷ್ಯನಿಗೆ ಅಂತ ಹೇಳಿ. ಬೆರಳು ಮಡಚಲು ಬಾರದ ಅಜ್ಜಿಗೆ ತರಕಾರಿ ಚಾಕುವಿನ ಹಿಡಿ, ತೋಟದ ಆಳಿನ ಕುಡುಗೋಲಿಗೆ ಜಾರದ ಹಿಡಿ, ಕಾಫಿ ಅಂಗಡಿಯವರಿಗೆ ಪುಡಿ ಅದುಮುವ ಟ್ಯಾಂಪರ್. ಟ್ಯಾಂಪರ್ ಒಳ್ಳೆ ಸವಾಲು, ಯಾಕೆಂದರೆ ಎಸ್ಪ್ರೆಸೊ ಮೆಷಿನ್ನಿನಲ್ಲಿ ಪುಡಿ ತುಂಬುವ ಬುಟ್ಟಿ 58 ಮಿಲಿಮೀಟರ್ ಆದರೆ ಅದರ ತಳ ಅದಕ್ಕೆ ತಕ್ಕಂತೆಯೇ ಇರಬೇಕು, ಅಂದಾಜು ನಡೆಯುವುದಿಲ್ಲ. ಮೊದಲು ಜೇಡಿಮಣ್ಣಿನಲ್ಲಿ ಹಿಡಿ ಮಾಡಿ ಆ ವ್ಯಕ್ತಿಯ ಕೈಯಿಂದಲೇ ಅದುಮಿಸಿಕೊಳ್ಳಲಿ. ಅದರ ಅಳತೆ ತೆಗೆದು ಗೆರೆ ಬರೆಯಲಿ. ಆ ಚಿತ್ರವನ್ನು ಮೇಸ್ತ್ರಿಗೆ ತೋರಿಸಿ ಒಪ್ಪಿಗೆ ಪಡೆಯದೆ ಲೇತ್ ಹತ್ತುವಂತಿಲ್ಲ. 'ಇಷ್ಟು ಸಣ್ಣ ಕುತ್ತಿಗೆ ಇಟ್ಟರೆ ಮುರಿಯುತ್ತೆ ಮಗಾ' ಅನ್ನುವ ಒಂದು ಮಾತಿನಲ್ಲಿ ಎಷ್ಟೋ ಮರ ಉಳಿಯುತ್ತದೆ. ಮಗು ಒಪ್ಪದೆ ವಾದ ಮಾಡಿದರೆ ಇನ್ನೂ ಒಳ್ಳೆಯದು, ಗುಜರಿ ತುಂಡಿನಲ್ಲಿ ಮಾಡಿ ನೋಡಲಿ.

ಬಟ್ಟಲು ಈ ವರ್ಷ ಬೇಡ. ಅಡ್ಡ ಎಳೆಯ ದೊಡ್ಡ ತುಂಡು ಹಾರಿದರೆ ಅಪಾಯ ಜಾಸ್ತಿ. ಅದಕ್ಕೆ ಬೇರೆ ಉಳಿಯೂ ಬೇಕು. ರಫಿಂಗ್ ಗೌಜನ್ನು ಬಟ್ಟಲಿಗೆ ಬಳಸಿದರೆ ಹಿಡಿಯೊಳಗೆ ಸೇರುವ ಅದರ ಸಣ್ಣ ಬುಡ ಮುರಿಯಬಹುದು.

ನುಣುಪು, ಬಣ್ಣ, ಅಂಕ

ಉಪ್ಪುಕಾಗದ ಹಿಡಿಯುವಾಗ ಟೂಲ್ ರೆಸ್ಟ್ ತೆಗೆದಿಡಿ, ವೇಗ ಇಳಿಸಿ, ಮರದ ಕೆಳಬದಿಯಲ್ಲಿ ಹಿಡಿಯಿರಿ. ಒರಟಿನಿಂದ ನುಣುಪಿಗೆ 120, 180, 240, 320 ನಂಬರಿನ ಕಾಗದ, ಈ ಕ್ರಮದಲ್ಲಿ, ನಡುವೆ ಹಾರಿಸದೆ. ಒರೆಸಲು ಟಿಶ್ಯೂ ಪೇಪರ್ ಮಾತ್ರ, ಬಟ್ಟೆ ಲೇತ್ ಹತ್ತಿರವೂ ಬರಬಾರದು.

ಚನ್ನಪಟ್ಟಣದವರನ್ನು ಕರೆಸಿದರೆ ಅದು ಈ ಹಂತದಲ್ಲಿ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಹತ್ತಿಕೊಳ್ಳುತ್ತದೆ, ಆಮೇಲೆ ಕೇದಗೆ ಜಾತಿಯ ಒಣ ಎಲೆಯಿಂದ ಒತ್ತಿ ಹೊಳಪು ತರುತ್ತಾರೆ. ಬುಗುರಿಗೆ ಇದು ಸೊಗಸು. ಲಟ್ಟಣಿಗೆಯಂಥ ಅಡುಗೆ ವಸ್ತುವಿಗೆ ಏನೂ ಹಚ್ಚದಿರುವುದೇ ಮೇಲು. ಹಿಡಿಗಳಿಗೆ ಅಗಸೆಎಣ್ಣೆ ಸಾಕು, ಆದರೆ ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಹಾಕಿ.

ಅಂಕ ಕೊಡುವಾಗ ಹೊಳಪಿಗೆ ಮರುಳಾಗಬೇಡಿ, ಉಪ್ಪುಕಾಗದ ಎಷ್ಟೋ ತಪ್ಪು ಮುಚ್ಚುತ್ತದೆ. ಚಿತ್ರವನ್ನೂ ವಸ್ತುವನ್ನೂ ಪಕ್ಕದಲ್ಲಿಟ್ಟು ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ಮಗುವೇ ವ್ಯತ್ಯಾಸ ಬರೆಯಲಿ. ಎಲ್ಲಿ ಬದಲಾಯಿತು, ಬೇಕಂತ ಬದಲಿಸಿದ್ದೋ, ಉಳಿ ಜಾರಿದ್ದೋ? ಅರ್ಧ ಅಂಕ ಈ ಪುಟಕ್ಕೇ ಇರಲಿ. ಇನ್ನರ್ಧದಲ್ಲಿ ಒಂದು ಪಾಲು ಮೇಸ್ತ್ರಿಯ ಕೈಯಲ್ಲಿರಲಿ, ಒಂದು ಪಾಲು ಆ ಹಿಡಿಯನ್ನು ಒಂದು ವಾರ ಬಳಸಿದ ಅಜ್ಜಿಯದೋ ಕಾಫಿ ಅಂಗಡಿಯವರದೋ. ಮೇಸ್ತ್ರಿಯ ಲೆಕ್ಕ ಚುಕ್ತಾ ಮಾಡುವ ದಿನವೇ ಮುಂದಿನ ವರ್ಷಕ್ಕೆ ಬೇಕಾದ ಮರವನ್ನು ಅವರ ಜೊತೆ ಹೋಗಿ ಆರಿಸಿ, ತುದಿಗೆ ಮೇಣ ಬಳಿದು, ತಾರೀಖು ಬರೆದು ಅಟ್ಟಕ್ಕೆ ಹಾಕಿಬಿಡಿ.